ಗೋಡೆ ಮೇಲೆ ದಿನಾ ಬಿರುಗಾಳಿ

ಪ್ರಶ್ನೆ: ನನ್ನ ಮೊಬೈಲ್ ಗಾಳಿಯ ಒತ್ತಡ ತೋರಿಸುತ್ತದೆ. ಮನೆಯಲ್ಲಿ ಕೂತು ನೋಡಿದರೆ 960 ಮಿಲಿಬಾರ್. ಸಮುದ್ರದ ಮೇಲೆ 960ಕ್ಕೆ ಇಳಿದರೆ ಭಾರಿ ಚಂಡಮಾರುತ ಅಂತ ಓದಿದ್ದೇನೆ. ಇಲ್ಲಿ ಎಲೆ ಕೂಡ ಅಲುಗುತ್ತಿಲ್ಲ. ಫೋನ್ ಕೆಟ್ಟಿದೆಯಾ ಸರ್?
– ಬಿ.ಎಸ್ಸಿ. ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಫೋನ್ ಸರಿಯಾಗೇ ಇದೆ, ತಂಗಿ. ನಾನೂ ಒಮ್ಮೆ ಹೀಗೇ ಬೇಸ್ತು ಬಿದ್ದಿದ್ದೆ. ಮೇಷ್ಟ್ರ ಕೆಲಸಕ್ಕೆ ಸೇರಿದ ಹೊಸತು. ಹೈದರಾಬಾದಿನ ಹಳೇ ಸಾಮಾನಿನ ಅಂಗಡಿಯಲ್ಲಿ ಗಾಳಿಯ ಒತ್ತಡ ಅಳೆಯುವ ಒಂದು ಹಿತ್ತಾಳೆ ಬ್ಯಾರೋಮೀಟರ್ ಕೊಂಡೆ. ಗಡಿಯಾರದಂತೆ ದುಂಡಗಿತ್ತು. ಅಂಚಿನ ಸುತ್ತ ಇಂಗ್ಲಿಷಿನಲ್ಲಿ ಬಿರುಗಾಳಿ, ಮಳೆ, ಬದಲಾವಣೆ, ಒಳ್ಳೆ ಹವೆ ಅಂತ ಬರೆದಿತ್ತು. ಮನೆಗೆ ತಂದು ಗೋಡೆಗೆ ತೂಗುಹಾಕಿದೆ. ಮುಳ್ಳು ನೆಟ್ಟಗೆ ‘ಬಿರುಗಾಳಿ’ ಹತ್ತಿರ ಹೋಗಿ ಕೂತಿತು. ಹೊರಗೆ ಮೇ ತಿಂಗಳ ರಣ ಬಿಸಿಲು! ಬೆರಳಿನಿಂದ ಗಾಜು ತಟ್ಟಿದೆ. ಮುಳ್ಳು ಒಂಚೂರು ನಡುಗಿ ಮತ್ತೆ ಅಲ್ಲೇ ನಿಂತಿತು. ಟೋಪಿ ಹಾಕಿದ ಅಂತ ಆ ಅಂಗಡಿಯವನನ್ನು ವಾರಗಟ್ಟಲೆ ಬೈದೆ, ಪಾಪ.

ತಪ್ಪು ನನ್ನದೇ. ಆ ಅಕ್ಷರಗಳೆಲ್ಲ ಸಮುದ್ರಮಟ್ಟದ ಲೆಕ್ಕಕ್ಕೆ ಬರೆದವು. ಅಲ್ಲಿ ಸರಾಸರಿ ಒತ್ತಡ 1013.25 ಮಿಲಿಬಾರ್. ಎಂಟು–ಒಂಬತ್ತು ಮೀಟರ್ ಮೇಲೆ ಹೋದಂತೆಲ್ಲ ಒಂದೊಂದು ಮಿಲಿಬಾರ್ ಕಮ್ಮಿಯಾಗುತ್ತದೆ. ಕಲಬುರಗಿ ಇರುವುದು ಸುಮಾರು 450 ಮೀಟರ್ ಎತ್ತರದಲ್ಲಿ. ಭಾಗಿಸಿ, ಕಳೆದು ನೋಡಿ, 960ರ ಆಸುಪಾಸಿಗೇ ಬರುತ್ತದೆ. ಬೀದರಿಗೆ ಹೋದರೆ ನಿಮ್ಮ ಫೋನ್ ಇನ್ನೊಂದು ಇಪ್ಪತ್ತು ಕಮ್ಮಿ ತೋರಿಸೀತು. ಅಲ್ಲೂ ಗಾಬರಿಯಾಗಬೇಡಿ.

ಹಾಗಾದರೆ ಇಷ್ಟು ಕಮ್ಮಿ ಒತ್ತಡ ಇದ್ದೂ ಗಾಳಿ ಯಾಕೆ ಏಳಲ್ಲ? ಬಾವಿ ನೆನೆಸಿಕೊಳ್ಳಿ. ತಳದಲ್ಲಿ ಒತ್ತಡ ಜಾಸ್ತಿ, ಮೇಲೆ ಕಮ್ಮಿ. ಹಾಗಂತ ತಳದ ನೀರು ಮೇಲಕ್ಕೆ ಚಿಮ್ಮುತ್ತದಾ? ಇಲ್ಲ, ಮೇಲಿನ ನೀರಿನ ಭಾರ ಅದನ್ನು ಹಿಡಿದಿಟ್ಟಿರುತ್ತದೆ. ಗಾಳಿಯೂ ಹಾಗೇ. ಒಂದೇ ಮಟ್ಟದಲ್ಲಿ, ಅಕ್ಕಪಕ್ಕದ ಜಾಗಗಳ ನಡುವೆ ಒತ್ತಡದಲ್ಲಿ ವ್ಯತ್ಯಾಸ ಬಂದಾಗ ಮಾತ್ರ ಗಾಳಿ ಓಡುತ್ತದೆ. ಅದಕ್ಕೇ ಹವಾಮಾನದವರು ಎಲ್ಲ ಊರಿನ ಲೆಕ್ಕವನ್ನೂ ಮೊದಲು ಸಮುದ್ರಮಟ್ಟಕ್ಕೆ ತಂದು, ಆಮೇಲೆ ಹೋಲಿಸುತ್ತಾರೆ.

ಚಂಡಮಾರುತದಲ್ಲಿ ಈ ವ್ಯತ್ಯಾಸ ವಿಪರೀತ. ಬಿಸಿಯಾದ ಸಮುದ್ರದಿಂದ ಎದ್ದ ಹಬೆ ಮೇಲೆ ಹೋಗಿ ಮೋಡವಾಗುವಾಗ ಶಾಖ ಬಿಡುತ್ತದೆ. ಆ ಶಾಖಕ್ಕೆ ಅಲ್ಲಿನ ಗಾಳಿ ಹಗುರಾಗಿ, ಕೆಳಗೆ ಒತ್ತಡ ಇಳಿಯುತ್ತದೆ. ಸುತ್ತಲಿನ ಗಾಳಿ ಅಲ್ಲಿಗೆ ನುಗ್ಗುತ್ತದೆ, ಬರುವಾಗ ಇನ್ನಷ್ಟು ಹಬೆ ತರುತ್ತದೆ. ಭೂಮಿ ತಿರುಗುವುದರಿಂದ ಗಾಳಿ ನೇರ ನುಗ್ಗದೆ ಸುತ್ತು ಹಾಕುತ್ತದೆ. ನಮ್ಮ ಕಡೆಯ ಸಮುದ್ರಗಳಲ್ಲಿ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. 1999ರ ಒಡಿಶಾ ಸೂಪರ್ ಸೈಕ್ಲೋನಿನ ನಡುವೆ ಒತ್ತಡ 912ಕ್ಕೆ ಇಳಿದಿತ್ತು. ಜಗತ್ತಿನಲ್ಲೇ ಸಮುದ್ರಮಟ್ಟದ ಅತಿ ಕಮ್ಮಿ ದಾಖಲೆ 870. 1979ರಲ್ಲಿ ಪೆಸಿಫಿಕ್ ಸಾಗರದ ‘ಟಿಪ್’ ಎಂಬ ಟೈಫೂನಿನದು.

ನನ್ನ ಬ್ಯಾರೋಮೀಟರಿನ ಬೆನ್ನಿಗೆ ಒಂದು ಸಣ್ಣ ತಿರುಪು ಇತ್ತು. ಅದನ್ನು ತಿರುಗಿಸಿ ಮುಳ್ಳನ್ನು ಸಮುದ್ರಮಟ್ಟದ ಲೆಕ್ಕಕ್ಕೆ ತರಬೇಕಂತೆ. ಗೊತ್ತಾಗಲು ಎರಡು ವರ್ಷ ಬೇಕಾಯಿತು.

ಪ್ರಶ್ನೆ: 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿ ನಮ್ಮ ತೊಗರಿ ಹೊಲ ಮುಳುಗಿತು. ಆ ಮಳೆ ತಂದದ್ದು ಚಂಡಮಾರುತವೇ ಅಲ್ಲ ಅಂತಾರಲ್ಲ?
– ರೈತರು, ಅಫಜಲಪುರ ತಾಲ್ಲೂಕು

ಉತ್ತರ: ಹೌದು ಅಣ್ಣಾರೇ, ಅದು ಚಂಡಮಾರುತದ ಮಟ್ಟ ಮುಟ್ಟಲೇ ಇಲ್ಲ. ಹವಾಮಾನದವರ ಲೆಕ್ಕದಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ತೀವ್ರ ವಾಯುಭಾರ ಕುಸಿತ. ಅಕ್ಟೋಬರ್ 13ರಂದು ಕಾಕಿನಾಡ ಹತ್ತಿರ ದಡ ಹತ್ತಿ, ತೆಲಂಗಾಣ ದಾಟಿ ನಮ್ಮ ಮೇಲೆ ಬಂತು. ಅದರ ನಡುವಿನ ಒತ್ತಡ ಸಮುದ್ರಮಟ್ಟದ ಲೆಕ್ಕದಲ್ಲಿ ಸಾವಿರದ ಆಸುಪಾಸು, ಅಷ್ಟೇ. ಆದರೆ ಒತ್ತಡ ಎಷ್ಟು ಇಳಿಯಿತು ಅನ್ನುವುದು ಗಾಳಿಯ ಜೋರು ಹೇಳುತ್ತದೆ, ಮಳೆಯ ಅಳತೆ ಹೇಳಲ್ಲ. ಮಳೆಗೆ ಬೇಕಾದ ತೇವ ಅದರಲ್ಲಿ ತುಂಬಿತ್ತು. ಮೇಲಿನಿಂದ ಮಹಾರಾಷ್ಟ್ರದ ಮಳೆ, ಅಲ್ಲಿನ ಉಜನಿ ಅಣೆಕಟ್ಟಿನ ನೀರು ಬೇರೆ.

ಆ ದಿನವೂ ನಾನು ಗೋಡೆ ನೋಡಿದ್ದೆ. ಮುಳ್ಳು ಮೂರ್ನಾಲ್ಕು ಮಿಲಿಬಾರ್ ಇಳಿದಿತ್ತು. ನಮ್ಮಲ್ಲಿ ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ದಿನಾ ಹೆಚ್ಚುಕಮ್ಮಿ ಅಷ್ಟೇ ಇಳಿದು, ರಾತ್ರಿ ಮತ್ತೆ ಏರುತ್ತದೆ. ಹಾಗಾಗಿ ಸುಮ್ನೆ ಚಹಾ ಕುಡಿದು ಮಲಗಿದೆ. ನೀವು ಬ್ಯಾರೋಮೀಟರ್ ಇಟ್ಟುಕೊಂಡರೆ ಇವತ್ತಿನ ಹತ್ತು ಗಂಟೆಯನ್ನು ನಿನ್ನೆಯ ಹತ್ತು ಗಂಟೆಯ ಜೊತೆಗೇ ಹೋಲಿಸಿ. ಹೊಳೆ ವಿಷಯಕ್ಕೆ ಮಾತ್ರ ಅದನ್ನು ನಂಬಬೇಡಿ, ಸೊನ್ನ ಬ್ಯಾರೇಜಿನಿಂದ ಎಷ್ಟು ನೀರು ಬಿಟ್ಟರು ಅಂತ ಕೇಳಿ.