ಜರ್ಮನಿಯ ರಾಕ್ ತಂಡ ಗುರು ಗುರುವಿನ ಹಳೆಯ ಎಲ್‌ಪಿ (ಗ್ರಾಮಫೋನ್ ತಟ್ಟೆ) ಮೊದಲ ಮುದ್ರಣವೇ ಎಂದು ತಿಳಿಯುವುದು ಹೇಗೆ?

ಹೊದಿಕೆಯನ್ನು ನಂಬಬೇಡಿ, ತಟ್ಟೆಯ ನಡುವಿನ ಲೇಬಲ್ ನೋಡಿ. 1977ಕ್ಕಿಂತ ಮೊದಲು ಹೊರಬಂದ ಆಲ್ಬಮ್ ಆಗಿದ್ದು, ಅಲ್ಲಿ ‘ಎಲ್‌ಸಿ’ (ಲೇಬಲ್ ಕೋಡ್) ಅಕ್ಷರಗಳೂ ಪಕ್ಕದಲ್ಲೊಂದು ಸಂಖ್ಯೆಯೂ ಇದ್ದರೆ ಅದು ಮೊದಲ ಮುದ್ರಣವಲ್ಲ. ಪ್ರಸಾರದ ಹಣ ಯಾವ ರೆಕಾರ್ಡ್ ಸಂಸ್ಥೆಗೆ ಸೇರಬೇಕೆಂದು ಗುರುತಿಸುವ ಈ ಸಂಕೇತ ಬಂದದ್ದೇ 1977ರಲ್ಲಿ. ಉದಾಹರಣೆಗೆ, ತಂಡದ ‘ಕೆಂಗುರು’ ಆಲ್ಬಮ್ ಹೊರಬಂದದ್ದು 1972ರಲ್ಲಿ, ಬ್ರೇನ್ ಎಂಬ ರೆಕಾರ್ಡ್ ಸಂಸ್ಥೆಯಿಂದ.

ಬ್ರೇನ್‌ನ ಆರಂಭದ ಲೇಬಲ್ ಹಸಿರು, ಆಮೇಲಿನದು ಕಿತ್ತಳೆ. ಹಸಿರು ಹಲವು ವರ್ಷ ಬಳಕೆಯಲ್ಲಿತ್ತು, ಹಾಗಾಗಿ ಹಸಿರು ಕಂಡ ಕೂಡಲೇ ಜೇಬಿಗೆ ಕೈ ಹಾಕುವುದು ಬೇಡ.

ಮುಂದಿನ ಪರೀಕ್ಷೆ, ಹಾಡು ಮುಗಿದ ಮೇಲೆ ಲೇಬಲ್‌ವರೆಗಿನ ಖಾಲಿ ಪಟ್ಟಿಯಲ್ಲಿ ಕೆತ್ತಿದ ಸಂಖ್ಯೆ. ಮೂಲ ತಟ್ಟೆಯ ಮೇಲೆ ಕೊರೆದದ್ದು ಅಚ್ಚಿನ ಮೂಲಕ ಪ್ರತಿಯೊಂದು ಪ್ರತಿಗೂ ಇಳಿಯುತ್ತದೆ. ಮರುಮುದ್ರಣಕ್ಕೆ ಹೊಸದಾಗಿ ಕೊರೆದರೆ ಸಾಮಾನ್ಯವಾಗಿ ಸಂಖ್ಯೆ ಬದಲಾಗುತ್ತದೆ. ಹಳೆಯ ಅಚ್ಚನ್ನೇ ಬಳಸಿದ್ದರೆ ಬದಲಾಗದು. ಅದಕ್ಕೇ ಲೇಬಲ್ ಮತ್ತು ಕೆತ್ತನೆ ಎರಡನ್ನೂ ಡಿಸ್ಕಾಗ್ಸ್ ಎಂಬ ರೆಕಾರ್ಡ್ ಮಾಹಿತಿ ಜಾಲತಾಣದ ವಿವರಗಳ ಜೊತೆ ಹೋಲಿಸಬೇಕು.

ಮಾರುವವರಿಂದ ಎರಡೂ ಬದಿಯ ಫೋಟೊ ಕೇಳಿ, ಓರೆ ಬೆಳಕಿನಲ್ಲಿ ತೆಗೆದದ್ದು. ನೇರ ಬೆಳಕಿನಲ್ಲಿ ಕೆತ್ತನೆಯೂ ಕಾಣದು, ಗೀರುಗಳೂ ಕಾಣವು.