ಟಾರ್ಗೆಟ್ ರಿವಾಲ್ವರ್: ಮೊದಲು ಗ್ರಿಪ್, ಸ್ಪ್ರಿಂಗ್ ಆಮೇಲೆ

ಗುರಿ ಸ್ಪರ್ಧೆಯ ರಿವಾಲ್ವರ್‌ಗೆ ನಾಲ್ಕು ಇಂಚಿನ ಬ್ಯಾರೆಲ್ ಒಳ್ಳೆಯದಾ, ಆರು ಇಂಚಿನದಾ, ಕೊಂಡ ಮೇಲೆ ಮೊದಲು ಏನು ಬದಲಾಯಿಸಬೇಕು ಅಂತ ಕೇಳಿದ್ದೀರಿ. ಯಾವ ಸ್ಪರ್ಧೆ ಅನ್ನೋದರ ಮೇಲೆ ಹೋಗುತ್ತದೆ. ಐಎಸ್‌ಎಸ್‌ಎಫ್ (ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ) ನಡೆಸುವ 25 ಮೀಟರ್ ಸೆಂಟರ್ ಫೈರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಬ್ಯಾರೆಲ್ 153 ಮಿ.ಮೀ. ದಾಟಬಾರದು, ತೂಕ 1400 ಗ್ರಾಂ ಮೀರಬಾರದು, ಟ್ರಿಗರ್ ಎಳೆಯಲು ಬೇಕಾದ ಬಲ ಕನಿಷ್ಠ 1000 ಗ್ರಾಂ ಇರಲೇಬೇಕು. ಆರು ಇಂಚು ಅಂದ್ರೆ 152.4 ಮಿ.ಮೀ., ನಿಯಮದೊಳಗೇ ಕೂರುತ್ತದೆ. ಗುರಿ ನೋಡುವ ಹಿಂದಿನ, ಮುಂದಿನ ಸೈಟ್ ಒಂದಕ್ಕೊಂದು ದೂರವಿದ್ದಷ್ಟೂ ಗುರಿಯ ತಪ್ಪು ಕಣ್ಣಿಗೆ ಬೇಗ ಬೀಳುತ್ತದೆ. ಹಾಗಾಗಿ ಆರು ಇಂಚಿನದನ್ನೇ ತಗೊಳ್ಳಿ. ಗುಂಡಿಗೆ .38 ಸ್ಪೆಷಲ್ 148 ಗ್ರೇನ್ (ಗುಂಡಿನ ತೂಕದ ಅಳತೆ) ವಾಡ್‌ಕಟರ್, ಅಂದ್ರೆ ಮೂತಿ ಚಪ್ಪಟೆ ಇರುವ ಗುಂಡು, ಸಾಕು. ಒದೆತ ಕಡಿಮೆ, ಕಾಗದದಲ್ಲಿ ದುಂಡಗೆ ಕತ್ತರಿಸಿದ ಹಾಗೆ ತೂತು ಬೀಳುತ್ತದೆ.

ಹಳೆಯದನ್ನು ಕೊಳ್ಳುವುದಾದರೆ ಸಿಲಿಂಡರ್ (ಗುಂಡು ತುಂಬುವ, ತಿರುಗುವ ಭಾಗ) ತೆರೆದು ಅದರ ಎಲ್ಲ ಕೋಣೆ ಖಾಲಿ ಇದೆಯಾ ಅಂತ ಎರಡು ಸಲ ನೋಡಿ. ಆಮೇಲೆ ಸಿಲಿಂಡರ್ ಮುಚ್ಚಿ ಹ್ಯಾಮರನ್ನು (ಗುಂಡು ಸಿಡಿಸಲು ಬಡಿಯುವ ಹಿಂಬದಿಯ ಭಾಗ) ಹೆಬ್ಬೆರಳಲ್ಲಿ ತುಂಬಾ ನಿಧಾನ ಎಳೆಯಿರಿ. ಹ್ಯಾಮರ್ ಹಿಂದೆ ನಿಲ್ಲುವಷ್ಟರಲ್ಲಿ ಸಿಲಿಂಡರ್ ಟಕ್ ಅಂತ ಕಚ್ಚಿಕೊಳ್ಳಬೇಕು. ಆರೂ ಕೋಣೆಗೆ ಹೀಗೇ ನೋಡಿ. ಒಂದರಲ್ಲಿ ತಡವಾದರೂ ಆ ರಿವಾಲ್ವರ್ ಬೇಡ.

ದುಡ್ಡು ಮೊದಲು ಗ್ರಿಪ್‌ಗೆ, ಅಂದ್ರೆ ಹಿಡಿಗೆ, ಹಾಕಿ. ಹಿಡಿ ಕೈಗೆ ಸರಿ ಹೊಂದಿದರೆ ಬೆರಳು ಸರಿಯಾದ ಜಾಗಕ್ಕೆ ಬರುತ್ತದೆ. ಬೆರಳಿನ ತುದಿಯ ಮೆತ್ತನೆ ಭಾಗ ಟ್ರಿಗರ್ ಮೇಲೆ ಕೂರಬೇಕು, ಗೆಣ್ಣು ಕೂರಬಾರದು. ಗೆಣ್ಣು ಕೂತರೆ ಎಳೆದಾಗ ಬ್ಯಾರೆಲ್ ಪಕ್ಕಕ್ಕೆ ತಿರುಗುತ್ತದೆ. ಸೈಟ್ ಬಗ್ಗೆ ಜಾಸ್ತಿ ಹೇಳಲ್ಲ: ಕಪ್ಪು ಬಣ್ಣದ, ಚೌಕಾಕಾರದ ಮುಂದಿನ ಸೈಟ್, ಹೊಂದಿಸಬಹುದಾದ ಹಿಂದಿನ ಸೈಟ್.

ಎಲ್ಲರೂ ಎಡವೋದು ಟ್ರಿಗರ್‌ನಲ್ಲಿ. ನಾನೂ ಒಮ್ಮೆ ಅವಸರಪಟ್ಟು ಹಗುರ ಮೇನ್‌ಸ್ಪ್ರಿಂಗ್ (ಹ್ಯಾಮರನ್ನು ತಳ್ಳುವ ಸ್ಪ್ರಿಂಗ್) ಹಾಕಿಸಿದ್ದೆ. ಮನೆಯಲ್ಲಿ ಎಳೆದರೆ ಬೆಣ್ಣೆ ಹಾಗಿತ್ತು. ಪಂದ್ಯದಲ್ಲಿ ಆರರಲ್ಲಿ ಎರಡು ಸಿಡಿಯಲೇ ಇಲ್ಲ. ತೆಗೆದು ನೋಡಿದರೆ ಪ್ರೈಮರ್ (ಗುಂಡಿನ ಹಿಂಬದಿಯ, ಏಟಿಗೆ ಹೊತ್ತಿಕೊಳ್ಳುವ ಭಾಗ) ಮೇಲೆ ಉಗುರು ಒತ್ತಿದಷ್ಟೇ ಗುರುತು. ಸ್ಪ್ರಿಂಗ್ ಸಡಿಲವಾದರೆ ಹ್ಯಾಮರ್‌ಗೆ ಹೊಡೆಯುವ ಬಲ ಇರಲ್ಲ, ಅಷ್ಟೇ. ಟ್ರಿಗರ್ ಹಗುರ ಮಾಡೋದಕ್ಕಿಂತ ನುಣುಪು ಮಾಡೋದು ಮುಖ್ಯ. ಒಳಗಿನ ಉಜ್ಜುವ ಜಾಗಗಳನ್ನು ನುರಿತ ಗನ್‌ಸ್ಮಿತ್ (ಬಂದೂಕು ರಿಪೇರಿ ಮಾಡುವವರು) ಕೈಲಿ ಪಾಲಿಶ್ ಮಾಡಿಸಿ. ಹ್ಯಾಮರನ್ನು ಹಿಂದೆ ಹಿಡಿದು ನಿಲ್ಲಿಸುವ ಕಚ್ಚಿಗೆ ಮಾತ್ರ ನೀವಾಗಿ ಅರ ಹಾಕಬೇಡಿ. ಅದು ಸವೆದರೆ ಟ್ರಿಗರ್ ಮುಟ್ಟದಿದ್ದರೂ ಹ್ಯಾಮರ್ ಬೀಳಬಹುದು.

ಪಾಲಿಶ್‌ಗೂ ಮೊದಲು ಎರಡು ತಿಂಗಳು ಡ್ರೈ ಫೈರ್, ಅಂದ್ರೆ ಗುಂಡಿಲ್ಲದೆ ಟ್ರಿಗರ್ ಎಳೆಯುವ ಅಭ್ಯಾಸ, ಮಾಡಿ. ಮದ್ದುಗುಂಡು ಮನೆಯ ಬೇರೆ ರೂಮಿನಲ್ಲಿರಲಿ, ಸಿಲಿಂಡರ್‌ನಲ್ಲಿ ಸ್ನ್ಯಾಪ್ ಕ್ಯಾಪ್ (ಮದ್ದಿಲ್ಲದ ನಕಲಿ ಗುಂಡು) ಇರಲಿ. ಬ್ಯಾರೆಲ್ ತುದಿಯ ಮೇಲೆ ಒಂದು ನಾಣ್ಯ ಇಟ್ಟು ಡಬಲ್ ಆಕ್ಷನ್‌ನಲ್ಲಿ, ಅಂದ್ರೆ ಹ್ಯಾಮರನ್ನು ಕೈಯಿಂದ ಹಿಂದಕ್ಕೆಳೆಯದೆ ಟ್ರಿಗರ್‌ನಿಂದಲೇ, ಎಳೆಯಿರಿ. ಸತತ ಇಪ್ಪತ್ತು ಸಲ ನಾಣ್ಯ ಬೀಳದೆ ನಿಂತ ಮೇಲೆ ಗನ್‌ಸ್ಮಿತ್ ಹತ್ತಿರ ಹೋಗಿ. ಆಗ ಟ್ರಿಗರ್ ಎಲ್ಲಿ ತಡೆಯುತ್ತಿದೆ ಅಂತ ನಿಮಗೇ ಹೇಳಲು ಬರುತ್ತದೆ.