ಬ್ರಿಟನಿಯ ವರ್ತುಲ ಹಾದಿಗಳಲ್ಲಿ ಒಳನಾಡಿನ ಅರ್ಧವನ್ನು ಬಿಟ್ಟುಬಿಡಬಹುದೇ?

ಸೆಪ್ಟೆಂಬರಿನಲ್ಲಿ ಒಂದು ವಾರ ಫ್ರಾನ್ಸಿನ ವಾಯವ್ಯದ ಬ್ರಿಟನಿ ಪ್ರಾಂತ್ಯದ ಮೊರ್ಲೇ ಪಟ್ಟಣದಲ್ಲಿ ತಂಗಿ, ಕಾರಿಲ್ಲದೆ ದಿನಕ್ಕೊಂದು ವರ್ತುಲ ಹಾದಿಯನ್ನು (ಹೊರಟಲ್ಲಿಗೇ ಮರಳುವ ಸುತ್ತನ್ನು) ನಡೆಯಬೇಕು, ಅದರಲ್ಲಿ ಹೊಲಗದ್ದೆಗಳ ನಡುವಿನ ಭಾಗವನ್ನು ಕತ್ತರಿಸಿ ಕಡಲಂಚನ್ನಷ್ಟೇ ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ನನ್ನನ್ನು ನೋಡಲೆಂದು ಅಪ್ಪ ಹೊನ್ನಾವರದಿಂದ ರೆನ್ ನಗರಕ್ಕೆ ಬಂದಿದ್ದಾಗ ನಾನು ಹಾಕಿದ ಲೆಕ್ಕಾಚಾರವೂ ಇದೇ ಆಗಿತ್ತು. ತಂಗಿದ್ದ ಊರೂ ಮೊರ್ಲೇಯೇ. ಸಮುದ್ರದ ಕಡೆಯ ದಿನಗಳನ್ನೆಲ್ಲ ಮೊದಲಿಗೆ ಇಟ್ಟುಕೊಂಡು, ಅಪ್ಪ ತಾವೇ ಆಸೆಪಟ್ಟು ಕೇಳಿದ್ದ ಒಳನಾಡಿನ ಗಿಮಿಲಿಯೋ, ಸೆಂ-ತೆಗೊನೆಕ್ ಹಳ್ಳಿಗಳ ಹಾದಿಯನ್ನು ‘ಕೊನೆಯಲ್ಲಿ ಸಮಯ ಉಳಿದರೆ ನೋಡೋಣ’ ಎಂದು ಪಟ್ಟಿಯ ತಳಕ್ಕೆ ತಳ್ಳಿದ್ದೆ. ಸಮಯ ಉಳಿಯಲಿಲ್ಲ.

ಮೊರ್ಲೇಗೆ ಹತ್ತಿರದಲ್ಲಿರುವ ಕಾರಾಂತೆಕ್ ಎಂಬ ಊರಿನಿಂದ ಕಾಲೋ ಎಂಬ ಉದ್ದನೆಯ ಪುಟ್ಟ ದ್ವೀಪಕ್ಕೆ, ನೀರು ಇಳಿದಾಗ ಮಾತ್ರ ತೆರೆದುಕೊಳ್ಳುವ ದಾರಿಯೊಂದಿದೆ. ಅದರ ಒಂದು ಕಡೆ ಮೊರ್ಲೇ ಕೊಲ್ಲಿ, ಇನ್ನೊಂದು ಕಡೆ ಪೆಂಜೇ ನದಿಯ ಅಳಿವೆ. ದ್ವೀಪದ ಗುಡ್ಡದ ಮೇಲೆ ಮೇರಿಮಾತೆಯ ಪ್ರಾರ್ಥನಾಮಂದಿರ, ಕೆಳಗೆ ಬಿಳಿ ಮರಳಿನ ಸಣ್ಣ ಸಣ್ಣ ತೀರಗಳು. ಬೆಳಿಗ್ಗೆ ಕಾರಾಂತೆಕ್‌ನಿಂದ ಪೆನ್-ಆಲ್-ಲಾನ್ ಭೂಶಿರವನ್ನು ಸುತ್ತಿಕೊಂಡು, ಅಲ್ಲಿಂದ ಲೂಯೆ ದ್ವೀಪದ ದೀಪಸ್ತಂಭವನ್ನೂ ತೋರೋ ಕೋಟೆಯನ್ನೂ ಅಪ್ಪನಿಗೆ ತೋರಿಸಿ (1522ರಲ್ಲಿ ಇಂಗ್ಲಿಷರು ಮೊರ್ಲೇಯನ್ನು ಲೂಟಿ ಮಾಡಿದ ಮೇಲೆ, ಕೊಲ್ಲಿಯ ಬಾಯಿಯನ್ನು ಕಾಯಲು ಕಟ್ಟಿದ ಕೋಟೆ ಅದು), ಮಧ್ಯಾಹ್ನದ ಊಟ ಮುಗಿಸಿ, ಕೊನೆಗೆ ಕಾಲೋಗೆ ಹೋಗಿ ಬರುವುದು ನನ್ನ ಯೋಜನೆಯಾಗಿತ್ತು. ಆ ‘ಕೊನೆಗೆ’ ಎಂಬುದರಲ್ಲೇ ತಪ್ಪಿನ ಅರ್ಧ ಭಾಗವಿತ್ತು. ಉಳಿದ ಅರ್ಧ ಗಡಿಯಾರದ್ದು. ಇದನ್ನು ನಾನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಜಾಗರೂಕರಿಗಿಂತ ಜಾಗರೂಕರೇ ಇದರಲ್ಲಿ ಸಿಕ್ಕಿಬೀಳುವ ಸಂಭವ ಹೆಚ್ಚು.

ಫ್ರಾನ್ಸಿನಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದಿಡುತ್ತಾರೆ. ಉಬ್ಬರ ಇಳಿತದ ಪಟ್ಟಿಗಳಲ್ಲಿ ಕೆಲವು ವರ್ಷವಿಡೀ ಚಳಿಗಾಲದ ವೇಳೆಯಲ್ಲೇ ಅಚ್ಚಾಗಿರುತ್ತವೆ, ಬೇಸಿಗೆಯಲ್ಲಿ ಅವುಗಳಿಗೆ ನಾವೇ ಒಂದು ಗಂಟೆ ಸೇರಿಸಿಕೊಳ್ಳಬೇಕು. ಬೇರೆ ಕೆಲವು ಪಟ್ಟಿಗಳು ಆ ಗಂಟೆಯನ್ನು ಸೇರಿಸಿಕೊಂಡೇ ಅಚ್ಚಾಗಿರುತ್ತವೆ. ‘ಮರೆಯದೆ ಒಂದು ಗಂಟೆ ಸೇರಿಸು’ ಎಂದು ದೋಣಿ ನಡೆಸುವ ಹವ್ಯಾಸವಿದ್ದ ಸಹೋದ್ಯೋಗಿಯೊಬ್ಬರು ನನಗೆ ಹೇಳಿದ್ದರು. ನಾನು ಮರೆಯಲಿಲ್ಲ. ನನ್ನ ಕೈಯಲ್ಲಿದ್ದ ಕಿರುಪುಸ್ತಕ ಎರಡನೆಯ ಬಗೆಯದು, ಅದರ ಮೊದಲ ಪುಟದ ಕೆಳಗೆ ಸಣ್ಣಕ್ಷರದಲ್ಲಿ ಹಾಗೆಂದು ಬರೆದೂ ಇತ್ತು. ಅದನ್ನು ಓದದೆ, ಸೇರಿದ್ದ ಗಂಟೆಗೆ ಇನ್ನೊಂದು ಗಂಟೆ ಸೇರಿಸಿದೆ. ಗಂಟೆ ಸೇರಿಸಲು ಮರೆತವನು ತೀರಕ್ಕೆ ಬೇಗ ಬಂದು, ದಾರಿ ಇನ್ನೂ ತೆರೆಯದಿರುವುದನ್ನು ಕಂಡು ದಡದಲ್ಲಿ ಕಾಯುತ್ತಾನೆ, ಅವನಿಗಾಗುವ ನಷ್ಟ ಅಷ್ಟೇ. ಎರಡು ಸಲ ಸೇರಿಸಿದವನು ದಾರಿ ಮುಚ್ಚಿದ ಮೇಲೆ ದ್ವೀಪದ ಕಡೆಯಿಂದ ಅದೇ ದಾರಿಗೆ ಬಂದು ನಿಲ್ಲುತ್ತಾನೆ.

ಅಪ್ಪ ಬೆಳಿಗ್ಗೆಯೇ ಹೇಳಿದ್ದರು: “ತಮಾ, ಮೊನ್ನೆಯಷ್ಟೇ ಅಮಾವಾಸ್ಯೆ ಕಳದ್ದು, ಇವತ್ತು ನೀರು ಜೋರು ಬತ್ತು ನೋಡು.” ಶರಾವತಿಯ ಅಳಿವೆಯ ಪಕ್ಕದಲ್ಲಿ ಬೆಳೆದವರಿಗೆ ಪಂಚಾಂಗದಲ್ಲೇ ಉಬ್ಬರದ ಪಟ್ಟಿಯಿರುತ್ತದೆ. ಆದರೆ ನಮ್ಮ ಕರಾವಳಿಯಲ್ಲಿ ನೀರು ಏರಿಳಿಯುವುದು ಒಂದೂವರೆ, ಎರಡು ಮೀಟರ್. ಇಲ್ಲಿ ಆ ದಿನದ ಗುಣಾಂಕ 90ರ ಮೇಲಿತ್ತು. ಫ್ರೆಂಚರು ಉಬ್ಬರದ ಬಲವನ್ನು 20ರಿಂದ 120ರವರೆಗಿನ ಒಂದು ಅಂಕಿಯಲ್ಲಿ ಹೇಳುತ್ತಾರೆ, ಪಟ್ಟಿಯಲ್ಲಿ ಪ್ರತಿ ದಿನದ ಮುಂದೆಯೂ ಅದು ಇರುತ್ತದೆ. 90 ಎಂದರೆ ಆ ಭಾಗದಲ್ಲಿ ಸುಮಾರು ಆರು ಗಂಟೆಗಳ ಅವಧಿಯಲ್ಲಿ ನೀರು ಏಳು ಮೀಟರಿನಷ್ಟು ಏರುತ್ತದೆ, ಅದೂ ಒಂದೇ ಸಮನೆ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ಗಂಟೆಗಳಲ್ಲಿ ಮೂರು ಮೂರು ಪಾಲು, ಅನಂತರ ಮತ್ತೆ ಎರಡು, ಒಂದು. ಕಾಲೋದ ದಾರಿ ಮುಚ್ಚುವುದು ಹೆಚ್ಚುಕಡಿಮೆ ಆ ಮೂರನೆಯ ಗಂಟೆಯಲ್ಲಿ, ನೀರು ನಿಮಿಷಕ್ಕೆ 3 ಸೆಂಟಿಮೀಟರಿನಂತೆ ಏರುವ ಹೊತ್ತಿನಲ್ಲಿ. ‘ಹತ್ತು ನಿಮಿಷ ತಡವಾಯಿತು, ಪಾದ ನೆನೆಯಬಹುದು’ ಎಂಬ ನಮ್ಮೂರಿನ ಅಂದಾಜು ಅಲ್ಲಿ ನಡೆಯುವುದಿಲ್ಲ.

ನಾವು ಪ್ರಾರ್ಥನಾಮಂದಿರದಿಂದ ಇಳಿದು ಬರುವಾಗ, ಎರಡು ಬದಿಗಳಿಂದ ಬಂದ ನೀರು ದಾರಿಯ ನಡುವೆ ಅಷ್ಟರಲ್ಲೇ ಒಂದನ್ನೊಂದು ಕೂಡಿಕೊಂಡಿತ್ತು. ಕಲ್ಲುಗಳ ಮೇಲೆ ಒಣಗಿ ಬಿದ್ದಿದ್ದ ಕಂದು ಪಾಚಿ ಎದ್ದು ನಿಂತು ಒಂದೇ ದಿಕ್ಕಿಗೆ ಬಾಗಿತ್ತು. ನೀರಿನ ಸೆಳೆತ ಎಷ್ಟಿದೆಯೆಂದು ಅದನ್ನು ನೋಡಿಯೇ ತಿಳಿಯಬೇಕಿತ್ತು. ಅಷ್ಟಾದರೂ ದಾಟಲು ಹೊರಟೆವು. ಮೊಣಕಾಲಿನ ಮೇಲಕ್ಕೆ ನೀರು ಬಂದಾಗ ಅಪ್ಪ ಜಾರಿ ಕುಳಿತರು, ಅವರನ್ನು ಹಿಡಿದೆಬ್ಬಿಸಿ ದ್ವೀಪಕ್ಕೇ ಹಿಂತಿರುಗಿದೆ. ಮತ್ತೆ ದಾರಿ ತೆರೆದದ್ದು ಸುಮಾರು ರಾತ್ರಿ ಹನ್ನೊಂದಕ್ಕೆ. ಅಲ್ಲಿನ ಒಂದು ಮನೆಯ ಹೆಂಗಸು ಒಣ ಬಟ್ಟೆ ಕೊಟ್ಟು, ಬಿಸಿ ಸೂಪು ಮಾಡಿಕೊಟ್ಟು, ಒಲೆಯ ಮುಂದೆ ಕೂರಿಸಿದರು. ಆ ಉಪಕಾರ ಎಂದಿಗೂ ಮರೆಯುವಂಥದ್ದಲ್ಲ. ಆದರೂ ಮೇ ತಿಂಗಳ ಬ್ರಿಟನಿಯ ಗಾಳಿ ಒದ್ದೆ ಮೈಗೆ ತಗುಲಿಯಾಗಿತ್ತು. ಅಪ್ಪನ ಸಕ್ಕರೆ ಕಾಯಿಲೆಯ ಮಾತ್ರೆಗಳು ಮೊರ್ಲೇಯ ಕೋಣೆಯಲ್ಲಿದ್ದವು. ಮರುದಿನ ಜ್ವರ ಬಂತು, ಅದು ಎದೆಗಿಳಿಯಿತು, ಉಳಿದ ದಿನಗಳೆಲ್ಲ ಕೋಣೆಯಲ್ಲೇ ಕಳೆದವು. ಗಿಮಿಲಿಯೋವನ್ನು ಕಾಣದೆಯೇ ಅವರು ಊರಿಗೆ ಮರಳಿದರು. ಮತ್ತೆ ಅಷ್ಟು ದೂರದ ಪ್ರಯಾಣ ಮಾಡುವ ಆರೋಗ್ಯ ಅವರಿಗೆ ಈಗ ಇಲ್ಲ.

ನಿಮ್ಮ ಪ್ರಯಾಣ ಸೆಪ್ಟೆಂಬರಿನಲ್ಲಿ. ಹಗಲು ರಾತ್ರಿ ಸಮವಾಗುವ ವಿಷುವತ್ಕಾಲದ ಆಸುಪಾಸಿನ ಅಮಾವಾಸ್ಯೆ ಹುಣ್ಣಿಮೆಗಳಲ್ಲೇ ವರ್ಷದ ಅತಿ ದೊಡ್ಡ ಉಬ್ಬರಗಳು ಬರುವುದು, ಗುಣಾಂಕ 110ನ್ನು ದಾಟುವುದೂ ಉಂಟು. ಆದ್ದರಿಂದ ಯಾವ ಹಾದಿ ಎಂದು ತೀರ್ಮಾನಿಸುವ ಮೊದಲು ನಿಮ್ಮ ವಾರದ ಗುಣಾಂಕಗಳನ್ನು ನೋಡಿ. ನೀರು ಇಳಿದಾಗ ಮಾತ್ರ ನಡೆಯಬಹುದಾದ ತುಂಡು ನಿಮ್ಮ ಸುತ್ತಿನಲ್ಲಿದ್ದರೆ ಅದನ್ನು ಮೊದಲು ನಡೆಯಿರಿ, ನೀರು ಇನ್ನೂ ಇಳಿಯುತ್ತಿರುವಾಗಲೇ ಹೋಗಿ, ಇಳಿತದ ತಳಮಟ್ಟದ ಹೊತ್ತಿಗೆ ಹಿಂತಿರುಗಲು ಆರಂಭಿಸಿ. ದೊಡ್ಡ ಉಬ್ಬರದ ದಿನಗಳಲ್ಲಿ ಆ ತೀರದಲ್ಲಿ ಇಳಿತ ಬರುವುದು ನಡುಹಗಲಿನ ಸುಮಾರಿಗಾದ್ದರಿಂದ, ಬೆಳಗಿನ ನಡಿಗೆಗೆ ಇದು ಚೆನ್ನಾಗಿ ಹೊಂದುತ್ತದೆ. ಕಾಲೋಗೆ ಹೋಗುವುದಾದರೆ ನೀವೇ ಲೆಕ್ಕ ಹಾಕಬೇಡಿ. ಆ ದಿನ ದಾರಿ ತೆರೆಯುವ, ಮುಚ್ಚುವ ವೇಳೆಯನ್ನು ಕಾರಾಂತೆಕ್‌ನ ಪ್ರವಾಸಿ ಕಚೇರಿಯವರೇ ಪ್ರಕಟಿಸುತ್ತಾರೆ. ಸಿಕ್ಕಿಬಿದ್ದರೆ ನೀರಿಗಿಳಿಯದೆ 196ಕ್ಕೆ ಕರೆ ಮಾಡಿ, ಅದು ಕಡಲ ರಕ್ಷಣೆಯ ತುರ್ತು ಸಂಖ್ಯೆ.

ಇನ್ನು ನಿಮ್ಮ ಪ್ರಶ್ನೆಯ ತಳಹದಿಯನ್ನೇ ನಾನು ಒಪ್ಪುವುದಿಲ್ಲ. ಹೊರಟಲ್ಲಿಗೇ ಬಂದು ಸೇರುವ ಹಾದಿ ಪೂರ್ತಿಯಾಗಿ ಕಡಲಂಚಿನಲ್ಲೇ ಇರಬೇಕಾದರೆ ನೀವು ದ್ವೀಪವನ್ನೇ ಸುತ್ತಬೇಕು. ಆ ಹಟವಿದ್ದರೆ ರೋಸ್ಕಾಫ್‌ನಿಂದ ದೋಣಿಯಲ್ಲಿ ಬಾ ದ್ವೀಪಕ್ಕೆ ಹೋಗಿ, ಹತ್ತು ಹನ್ನೆರಡು ಕಿಲೋಮೀಟರಿನ ಸುಂದರವಾದ ಸುತ್ತು, ಒಂದು ದಿನಕ್ಕೆ ಸಾಕು. (ನೀರು ಇಳಿದಾಗ ರೋಸ್ಕಾಫ್‌ನಲ್ಲಿ ಉದ್ದನೆಯ ಕಾಲುಸೇತುವೆಯ ತುದಿಯವರೆಗೆ ನಡೆದು ದೋಣಿ ಹತ್ತಬೇಕು, ಸಮಯ ಇಟ್ಟುಕೊಳ್ಳಿ.) ಉಳಿದೆಲ್ಲೆಡೆ ಅರ್ಧ ಸುತ್ತು ಒಳನಾಡಿನದೇ. ಅದನ್ನು ಬಸ್ಸಿನಲ್ಲಿ ದಾಟಿಬಿಡುತ್ತೇನೆಂದರೆ ನೀವು ಬ್ರಿಟನಿಯ ಅಂಚನ್ನು ನೋಡುತ್ತೀರಿ, ಬ್ರಿಟನಿಯನ್ನು ನೋಡುವುದಿಲ್ಲ.

ಕಡಲಂಚಿನ ಹಾದಿಯ ಹೆಸರು ಜಿಆರ್ 34. ಮೋಂ-ಸೆಂ-ಮಿಶೆಲ್‌ನಿಂದ ಸೆಂ-ನಜೇರ್‌ವರೆಗೆ 2,000 ಕಿಲೋಮೀಟರಿಗೂ ಮಿಕ್ಕಿ ಸಾಗುವ ಈ ದಾರಿಯ ಮೂಲ, ಕಳ್ಳಸಾಗಣೆ ತಡೆಯಲು ಸುಂಕದ ಕಾವಲುಗಾರರು 1791ರ ನಂತರ ಗಸ್ತು ತಿರುಗುತ್ತಿದ್ದ ಕಾಲುದಾರಿ. ಖಾಸಗಿ ಜಮೀನಿನ ಅಂಚಿನಲ್ಲೂ ನಡೆಯುವವರಿಗೆ ಮೂರು ಮೀಟರ್ ದಾರಿ ಬಿಡಬೇಕೆಂಬ 1976ರ ಕಾನೂನಿನಿಂದಾಗಿ ಅದು ಇಂದು ಬಹುತೇಕ ಅಖಂಡವಾಗಿ ಸಿಗುತ್ತದೆ. ಬಂಡೆಯ ಪ್ರತಿ ತಿರುವನ್ನೂ ಹತ್ತಿ ಇಳಿದು ಹೋಗುವ ದಾರಿಯಾದ್ದರಿಂದ ನಕಾಶೆಯಲ್ಲಿ ಐದು ಕಿಲೋಮೀಟರ್ ಕಂಡರೆ ಒಳನಾಡಿನ ಎಂಟರಷ್ಟು ಸಮಯ ಹಿಡಿಯುತ್ತದೆ. ಅದರ ಗುರುತು ಬಿಳಿ ಕೆಂಪು ಪಟ್ಟಿ. ನೀವು ಹುಡುಕುತ್ತಿರುವ ಸ್ಥಳೀಯ ಸುತ್ತುಗಳಿಗೆ ಹಳದಿ ಪಟ್ಟಿ. ಎರಡೂ ಒಂದಾಗಿ ಸಾಗುವ ಕಡಲ ಭಾಗದಲ್ಲಿ ಕಣ್ಣು ಬಿಳಿ ಕೆಂಪಿಗೇ ಒಗ್ಗಿಹೋಗಿ, ಹಳದಿ ಪಟ್ಟಿ ಒಳಕ್ಕೆ ತಿರುಗುವ ಜಾಗವನ್ನು ಜನ ದಾಟಿ ಮುಂದೆ ಹೋಗಿಬಿಡುತ್ತಾರೆ. ಆ ತಿರುವನ್ನು ಹೊರಡುವ ಮೊದಲೇ ಫ್ರಾನ್ಸಿನ ಸರ್ಕಾರಿ ನಕಾಶೆ ಸಂಸ್ಥೆಯಾದ ಐಜಿಎನ್‌ನ 1:25,000 ಪ್ರಮಾಣದ ನಕಾಶೆಯಲ್ಲಿ ಗುರುತು ಮಾಡಿಟ್ಟುಕೊಳ್ಳಿ. ಯಾವ ಆ್ಯಪ್ ಎಂಬ ನಿಮ್ಮ ಉಪಪ್ರಶ್ನೆಗೂ ಇದೇ ಉತ್ತರ: ಈ ನಕಾಶೆ ಇರುವ ಯಾವುದಾದರೂ ಆದೀತು.

ಆ ತಿರುವಿನಿಂದಾಚೆ ಏನಿದೆಯೆಂದು ನಾನು ಅಪ್ಪ ಮರಳಿದ ಮೇಲೆ, ಬೇರೆ ಬೇರೆ ಋತುಗಳಲ್ಲಿ ಒಬ್ಬನೇ ನಡೆದು ಕಂಡುಕೊಂಡೆ. ಕಡಲ ಸದ್ದು ನೂರು ಹೆಜ್ಜೆಗಳಲ್ಲಿ ನಿಂತುಹೋಗುತ್ತದೆ. ಎರಡು ಕಡೆ ಆಳೆತ್ತರದ ಮಣ್ಣಿನ ದಿಬ್ಬ, ಅದರ ಮೇಲೆ ಓಕ್, ಹೇಜಲ್ ಗಿಡಗಳು, ಬೇರುಗಳ ಸಂದಿಯಲ್ಲಿ ಜರಿಗಿಡ. ತಲೆಮಾರುಗಳ ಗಾಡಿಚಕ್ರ, ದನದ ಗೊರಸು ಮತ್ತು ಮಳೆನೀರು ಸವೆಸಿ ಆಳವಾಗಿಸಿದ ಈ ದಾರಿಯಲ್ಲಿ ನಡೆಯುವಾಗ ಮಲೆನಾಡಿನ ಅಗಳುಗಳ ನೆನಪಾಗದೆ ಇರದು. ದಿಬ್ಬ ತಗ್ಗಿದಲ್ಲಿ ಪಲ್ಲೆಹೂವು, ಹೂಕೋಸುಗಳ ಹೊಲ. ತಗ್ಗಿನಲ್ಲಿ ಊರವರು ಬಟ್ಟೆ ಒಗೆಯುತ್ತಿದ್ದ ಕಲ್ಲಿನ ಕೊಳ, ಮೊಣಕಾಲೂರುತ್ತಿದ್ದ ಇಳಿಜಾರು ಕಲ್ಲುಗಳು ಇನ್ನೂ ಹಾಗೆಯೇ ಇವೆ. ಕವಲುದಾರಿಯಲ್ಲಿ ಬಿಳಿ ಹಾವಸೆ ಹತ್ತಿದ ಕಲ್ಲು ಶಿಲುಬೆ. ಗಿಮಿಲಿಯೋ ಚರ್ಚಿನಂಗಳದಲ್ಲಿ 1581ರಿಂದ 1588ರವರೆಗೆ ಕೆತ್ತಿದ, ಇನ್ನೂರಕ್ಕೂ ಹೆಚ್ಚು ವಿಗ್ರಹಗಳಿರುವ ಶಿಲುಬೆ ಮಂಟಪ ನಿಂತಿದೆ. ಅಗಸೆ ನಾರಿನ ಬಟ್ಟೆಯ ವ್ಯಾಪಾರದಿಂದ ಹಣ ಕಂಡ ಹಳ್ಳಿಗಳು ಪೈಪೋಟಿಯಲ್ಲಿ ಕಟ್ಟಿಸಿದ ಚರ್ಚಿನಂಗಳಗಳಿವು. ಸೆಂ-ತೆಗೊನೆಕ್‌ನದು, ಲಾಂಪಾಲ್-ಗಿಮಿಲಿಯೋದ್ದು ಹತ್ತಿರದಲ್ಲೇ ಇವೆ. ಯೇಸುವಿನ ಕಥೆಯ ಪಾತ್ರಗಳಿಗೆ ಹದಿನಾರನೆಯ ಶತಮಾನದ ಉಡುಪು ತೊಡಿಸಿದ್ದಾರೆ. ನಮ್ಮ ಹೊಯ್ಸಳ ಗುಡಿಗಳ ಭಿತ್ತಿಯನ್ನು ಓದಿದಂತೆ ಸುತ್ತು ಬಂದು ಓದಬೇಕಾದ ಕೆಲಸ ಅದು, ಅಪ್ಪ ಕೇಳಿದ್ದೂ ಅದಕ್ಕೇ.

ದಿಕ್ಕಿನ ವಿಚಾರದಲ್ಲಿ ಒಂದು ಮಾತು. ಅಲ್ಲಿ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಉತ್ತರ ತೀರದಲ್ಲಿ ದಿಬ್ಬಗಳ ಮರೆಯಿರುವ ಒಳನಾಡಿನ ಅರ್ಧವನ್ನು ಬೆಳಿಗ್ಗೆ ಪಶ್ಚಿಮಕ್ಕೆ ನಡೆದು, ಕಡಲಂಚಿನಲ್ಲಿ ಗಾಳಿಗೆ ಬೆನ್ನು ಕೊಟ್ಟು ಪೂರ್ವಕ್ಕೆ ಮರಳುವುದು ಸುಖ. ಉಬ್ಬರದ ಲೆಕ್ಕ ಇದಕ್ಕೆ ವಿರುದ್ಧವಾಗಿದ್ದರೆ ಮಾತ್ರ ಉಬ್ಬರದ ಮಾತನ್ನೇ ಕೇಳಿ. ಒಳದಾರಿಗಳಲ್ಲಿ ಮಳೆಯ ಮರುದಿನ ಹಿಮ್ಮಡಿ ಮುಳುಗುವ ಕೆಸರಿರುತ್ತದೆ, ಬಟ್ಟೆಯ ಶೂ ಸಾಲದು. ಭಾನುವಾರ ಬಸ್ಸುಗಳು ತೀರ ಕಡಿಮೆ, ಆ ದಿನ ಮೊರ್ಲೇಯಿಂದಲೇ ಕಾಲ್ನಡಿಗೆಯಲ್ಲಿ ಹೊರಡುವ ಸುತ್ತನ್ನು ಇಟ್ಟುಕೊಳ್ಳಿ.

ಪ್ಲುಮನಾಕ್‌ನ ಗುಲಾಬಿ ಬಂಡೆಗಳು ಮೊರ್ಲೇಯಿಂದ ಕಾರಿಲ್ಲದೆ ಒಂದೇ ದಿನಕ್ಕೆ ತುಸು ಆಯಾಸವೇ. ಪ್ವಾಂತ್ ದ್ಯು ರಾ ಭೂಶಿರ, ಕ್ರೋಜೋಂ ಪರ್ಯಾಯದ್ವೀಪಗಳಂತೂ ಬೇರೆಯದೇ ಪ್ರವಾಸ, ಈ ವಾರಕ್ಕೆ ಅವನ್ನು ತುರುಕಬೇಡಿ. ಮೊದಲ ದಿನ, ಹವೆ ಹೇಗೇ ಇರಲಿ, ಗಿಮಿಲಿಯೋ ಮತ್ತು ಸೆಂ-ತೆಗೊನೆಕ್ ಕಡೆಯ ಸುತ್ತನ್ನು ನಡೆಯಿರಿ. ಎರಡನೆಯ ದಿನ ಬಾ ದ್ವೀಪ. ಕಾಲೋವನ್ನು ಯಾವ ದಿನಕ್ಕೆ ಇಡಬೇಕೆಂಬುದನ್ನು ನಿಮ್ಮ ವಾರದ ಪಟ್ಟಿ ಕೈಗೆ ಬಂದ ಮೇಲೆ ನಿರ್ಧರಿಸಿ. ಆ ಪಟ್ಟಿಯ ಮೊದಲ ಪುಟದ ಸಣ್ಣಕ್ಷರಗಳನ್ನು ಓದಿ, ವೇಳೆ ಬೇಸಿಗೆಯದೋ ಚಳಿಗಾಲದ್ದೋ ಎಂದು ಅಂಚಿನಲ್ಲಿ ನಿಮ್ಮ ಕೈಯಾರೆ ಬರೆದಿಟ್ಟುಕೊಳ್ಳಿ. ಜೊತೆಗೆ ಹಿರಿಯರು ಯಾರಾದರೂ ಬರುವುದಿದ್ದರೆ ಅವರ ಮಾತ್ರೆಗಳು ಕೋಣೆಯಲ್ಲಿರದೆ ನಿಮ್ಮ ಬೆನ್ನಚೀಲದಲ್ಲಿರಲಿ.